ವರದಿಯಲ್ಲಿ ‘ನಾರ್ಮಲ್’ ಎಂದಿತ್ತು

ಅರಬಿ ಭಾಷೆಯಲ್ಲಿ ಜೀವಕೋಶಕ್ಕೆ ‘ಖಲಿಯ್ಯ’ ಎನ್ನುತ್ತಾರೆ. ಆ ಪದದ ಮೂಲ ಅರ್ಥ ಜೇನುಗೂಡು. ಇಂಗ್ಲಿಷಿನವರು ಬಳಸುವ ‘ಸೆಲ್’ ಎಂಬ ಪದಕ್ಕೆ ಮಠದಲ್ಲಿ ಸನ್ಯಾಸಿಯೊಬ್ಬ ವಾಸಿಸುವ ಪುಟ್ಟ ಕೋಣೆ ಎಂಬ ಅರ್ಥವಿದೆ. 1665ರಲ್ಲಿ ರಾಬರ್ಟ್ ಹುಕ್ ಎಂಬ ಆಂಗ್ಲ ವಿದ್ವಾಂಸರು, ಸೀಸೆಗೆ ಬಿರಡೆ ಮಾಡುವ ಕಾರ್ಕಿನ ತೆಳುವಾದ ಹೋಳೊಂದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿ, ಅದರಲ್ಲಿ ಕಂಡ ಗೂಡುಗಳಿಗೆ ಈ ಹೆಸರಿಟ್ಟರು. ಅವರೂ ತಾವು ಕಂಡದ್ದನ್ನು ಜೇನುಹಟ್ಟಿಗೆ ಹೋಲಿಸಿದ್ದರೆಂಬುದು ಅರಬಿ ಪದವನ್ನು ಬಲ್ಲವರಿಗೆ ಸಂತಸದ ಸಂಗತಿ. ನಮ್ಮ ಕನ್ನಡದ ವಿದ್ವಾಂಸರು ‘ಕೋಶ’ ಎಂಬ ಪದವನ್ನು ಆರಿಸಿಕೊಂಡರು. ಕೋಶವೆಂದರೆ ಭಂಡಾರ, ಬೊಕ್ಕಸ. ಪದಗಳ ಭಂಡಾರ ಶಬ್ದಕೋಶ. ಅರಸನ ಹಣದ ಭಂಡಾರ ರಾಜಕೋಶ. ಮೂರು ಭಾಷೆಗಳ ಮೂರು ಪದಗಳಲ್ಲಿ ಕನ್ನಡದ್ದೇ ನಿಜಕ್ಕೆ ಹೆಚ್ಚು ಹತ್ತಿರವೆಂದು ನನ್ನ ಅಭಿಪ್ರಾಯ. ಹುಕ್ ಅವರು ಕಂಡದ್ದು ಸತ್ತ ತೊಗಟೆಯ ಬರಿದಾದ ಗೋಡೆಗಳನ್ನು. ಒಳಗೆ ಎಂಥ ಸಂಪತ್ತಿದೆಯೆಂಬುದು ಅಂದಿನ ಗಾಜಿಗೆ ಕಾಣುವಂತಿರಲಿಲ್ಲ.

ಇನ್ನೊಂದು ಪದವನ್ನೂ ಹೇಳಿಬಿಡುತ್ತೇನೆ. ಸೂಕ್ಷ್ಮದರ್ಶಕಕ್ಕೆ ಅರಬಿಯಲ್ಲಿ ‘ಮಿಜ್‌ಹರ್’ ಎಂದು ಹೆಸರು. ಇದರ ಧಾತು ನಮಗೆಲ್ಲ ಪರಿಚಿತವಾದ ‘ಜಹ್ರ್’. ಮಗ್ರಿಬ್, ಇಶಾ, ಸುಬ್‌ಹ್ ನಮಾಝ್‌ಗಳಲ್ಲಿ ಇಮಾಮರು ಗಟ್ಟಿಯಾಗಿ ಓದುವುದಕ್ಕೆ ಜಹ್ರ್ ಎನ್ನುತ್ತೇವಲ್ಲವೇ? ಮೆಲ್ಲಗಿದ್ದುದನ್ನು ಎಲ್ಲರಿಗೂ ತಿಳಿಯುವಂತೆ ಪ್ರಕಟಪಡಿಸುವ ಸಾಧನವೇ ಮಿಜ್‌ಹರ್. ಮದ್ರಸದ ಮಕ್ಕಳಿಗೆ ಇದನ್ನು ಹೇಳಿದಾಗ ಅವರಿಗೆ ವಿಜ್ಞಾನ ಪಾಠದ ಮೇಲೂ ಒಂದಿಷ್ಟು ಮಮತೆ ಹುಟ್ಟುವುದನ್ನು ನಾನು ಕಂಡಿದ್ದೇನೆ.

ಕನ್ನಡ ಸಾಹಿತ್ಯ ಓದಿದ, ಕಿತಾಬುಗಳ ನಡುವೆ ಬೆಳೆದ ನನ್ನಂಥವನು ಜೀವಕೋಶದ ವಿಚಾರಕ್ಕೆ ಕೈಹಾಕಿದ್ದು ಪಾಂಡಿತ್ಯದ ಆಸೆಯಿಂದಲ್ಲ. ನನ್ನ ತಂಗಿಯ ಮಗನ ಕಾಯಿಲೆಯಿಂದ.

ಅವನಿಗೆ ಆಗ ಆರು ವರ್ಷ. ಬೆಳಿಗ್ಗೆ ಎದ್ದಾಗ ಕಣ್ಣಿನ ರೆಪ್ಪೆಗಳು ಊದಿಕೊಂಡಿರುತ್ತಿದ್ದವು. ಸಂಜೆಯ ಹೊತ್ತಿಗೆ ಊತ ಕಾಲಿಗೆ ಇಳಿಯುತ್ತಿತ್ತು. ಮೂತ್ರದಲ್ಲಿ ಸೋಪಿನ ನೊರೆಯಂತಹ ನೊರೆ. ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ದೃಷ್ಟಿ ತಾಗಿದೆ ಎಂದರು ಒಬ್ಬರು, ಹೊಲದ ನೀರಿನಲ್ಲಿ ಆಡಿದ್ದರಿಂದ ಬಂದ ಶೀತವೆಂದರು ಮತ್ತೊಬ್ಬರು. ನನ್ನ ಬಳಿ ಓದಿಸಿಕೊಂಡು ಹೋದರು. ನಾನು ಓದಿ ಊದಿದೆ, ದುಆ ಮಾಡಿದೆ, ಅದೇ ದಿನ ಮಧ್ಯಾಹ್ನ ತಂಗಿಯನ್ನೂ ಮಗುವನ್ನೂ ಕರೆದುಕೊಂಡು ಮಂಗಳೂರಿನ ಆಸ್ಪತ್ರೆಗೆ ಹೋದೆ. ದುಆ ಮತ್ತು ದವಾ ಒಂದಕ್ಕೊಂದು ಸವತಿಯರೆಂದು ನಮ್ಮ ಕೆಲವರು ಭಾವಿಸುವುದೇಕೋ ನನಗೆ ಇಂದಿಗೂ ಅರ್ಥವಾಗಿಲ್ಲ. ಚಿಕಿತ್ಸೆ ಮಾಡಿಸಿಕೊಳ್ಳುವುದು ಪ್ರವಾದಿವರ್ಯರು(ಸ) ಕಲಿಸಿದ ಮಾರ್ಗವೇ ಆಗಿದೆ.

ವೈದ್ಯರು ‘ನೆಫ್ರೋಟಿಕ್ ಸಿಂಡ್ರೋಮ್’ ಎಂದರು. ರಕ್ತದಲ್ಲಿ ಉಳಿಯಬೇಕಾದ ಅಲ್ಬ್ಯುಮಿನ್ ಎಂಬ ಪ್ರೋಟೀನ್ ಮೂತ್ರಪಿಂಡದ ಸೋಸುವಿಕೆಯಲ್ಲಿ ತಪ್ಪಿಸಿಕೊಂಡು ಮೂತ್ರದ ಮೂಲಕ ಹೊರಹೋಗುತ್ತದೆ. ನೀರನ್ನು ರಕ್ತನಾಳದೊಳಗೆ ಹಿಡಿದಿಡುವ ಶಕ್ತಿ ಅಲ್ಬ್ಯುಮಿನ್‌ಗೆ ಇರುವುದರಿಂದ, ಅದು ಕಡಿಮೆಯಾದಾಗ ನೀರು ನಾಳದ ಹೊರಗೆ ಸೇರಿ ಮೈ ಊದುತ್ತದೆ. ಮಕ್ಕಳಲ್ಲಿ ಬಹುಪಾಲು ಮಂದಿಗೆ ಪ್ರೆಡ್ನಿಸೋಲೋನ್ ಎಂಬ ಸ್ಟೆರಾಯ್ಡ್ ಮಾತ್ರೆಯಿಂದ ಕೆಲವೇ ವಾರಗಳಲ್ಲಿ ಗುಣ ಕಾಣುತ್ತದೆ. ಇವನಿಗೂ ಕಂಡಿತು. ಆದರೆ ಮಾತ್ರೆ ಕಡಿಮೆ ಮಾಡಿದಾಗ ಊತ ಮರಳಿತು. ಮತ್ತೆ ಮಾತ್ರೆ, ಮತ್ತೆ ಗುಣ, ಮತ್ತೆ ಊತ. ಮೂರನೆಯ ಬಾರಿ ಆರು ವಾರ ಮಾತ್ರೆ ಕೊಟ್ಟರೂ ಪ್ರೋಟೀನ್ ನಿಲ್ಲಲಿಲ್ಲ. ಆಗ ವೈದ್ಯರು ಬಯಾಪ್ಸಿ ಮಾಡಲೇಬೇಕು ಎಂದರು.

ಮಗುವನ್ನು ಮಂಪರಿಗೆ ಒಳಪಡಿಸಿ, ಸ್ಕ್ಯಾನ್ ನೋಡುತ್ತಾ ಬೆನ್ನಿನಿಂದ ಸೂಜಿ ಇಳಿಸಿ, ಶಾವಿಗೆಯ ಎಳೆಯಷ್ಟು ಸಪೂರವಾದ ಮೂತ್ರಪಿಂಡದ ತುಣುಕುಗಳನ್ನು ತೆಗೆದರು. ಅವನ್ನು ಬೇರೆ ಬೇರೆ ದ್ರವಗಳಿದ್ದ ಮೂರು ಪುಟ್ಟ ಸೀಸೆಗಳಿಗೆ ಹಾಕಿದರು. ಒಂದೇ ಅಂಗದ ತುಣುಕಿಗೆ ಮೂರು ಸೀಸೆ ಏಕೆ ಎಂದು ಕೇಳಿದೆ. ಒಂದು ಸಾಧಾರಣ ಸೂಕ್ಷ್ಮದರ್ಶಕಕ್ಕೆ, ಇನ್ನೊಂದು ಹೊಳೆಯುವ ಬಣ್ಣ ಹಾಕಿ ನೋಡುವ ಪರೀಕ್ಷೆಗೆ, ಮೂರನೆಯದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಎಂದರು. ಮೂರನೆಯದನ್ನು ಬೇರೆ ಊರಿನ ಪ್ರಯೋಗಾಲಯಕ್ಕೆ ಕಳುಹಿಸಬೇಕು, ವರದಿ ತಡವಾಗಿ ಬರುತ್ತದೆ ಎಂದೂ ಹೇಳಿದರು.

ಮೊದಲೆರಡರ ವರದಿ ಬೇಗ ಬಂತು. ಸೋಸುವ ಗೊಂಚಲುಗಳು ನಾರ್ಮಲ್; ಗಾಯದ ಗುರುತಿಲ್ಲ; ಬಣ್ಣದ ಪರೀಕ್ಷೆಯಲ್ಲಿ ಏನೂ ಹೊಳೆಯಲಿಲ್ಲ.

ಈ ‘ನಾರ್ಮಲ್’ ಎಂಬ ಒಂದು ಪದ ನಮ್ಮ ಮನೆಯಲ್ಲಿ ಎಬ್ಬಿಸಿದ ಗೊಂದಲವನ್ನು ಏನೆಂದು ವರ್ಣಿಸಲಿ! ತಂಗಿಯ ಗಂಡ ದಮಾಮಿನಿಂದ ಫೋನ್ ಮಾಡಿ, “ಭಾವ, ರಿಪೋರ್ಟ್ ನಾರ್ಮಲ್ ಎಂದಮೇಲೆ ಮಗುವಿಗೆ ಇನ್ನೂ ಆ ಮಾತ್ರೆ ಏಕೆ? ಮುಖ ನೋಡಿದ್ದೀರಾ, ಚೆಂಡಿನಂತಾಗಿದೆ” ಎಂದರು. ಅವರ ಸಂಕಟ ಸುಳ್ಳಲ್ಲ. ವಿಡಿಯೋ ಕರೆಯಲ್ಲಿ ಮಾತ್ರ ಮಗನನ್ನು ಕಾಣುವ ತಂದೆಗೆ ಸ್ಟೆರಾಯ್ಡಿನಿಂದ ಗುಂಡಗಾದ ಮುಖವೇ ಕಾಯಿಲೆಯಂತೆ ತೋರುತ್ತದೆ. ಮೊಬೈಲಿನಲ್ಲಿ ಯಾರೋ ಕಳುಹಿಸಿದ ಬೇರಿನ ಕಷಾಯದ ಸಂದೇಶ ಮನೆಯಿಂದ ಮನೆಗೆ ಹೋಯಿತು. ಹಿರಿಯರೊಬ್ಬರು ಜುಮಾ ಮುಗಿಸಿ ಹೊರಬರುವಾಗ ನನ್ನ ಕೈಹಿಡಿದು, “ಉಸ್ತಾದರೇ, ಅಷ್ಟು ದೊಡ್ಡ ಯಂತ್ರಕ್ಕೇ ಏನೂ ಕಾಣಲಿಲ್ಲವೆಂದರೆ ಇದು ಡಾಕ್ಟರರ ಕೈಯಲ್ಲಿರುವ ಕಾಯಿಲೆಯಲ್ಲ” ಎಂದರು. ಮಾತ್ರೆ ನಿಲ್ಲಿಸುವಂತೆ ನಾನು ಹೇಳಿದರೆ ತಂಗಿ ನಿಲ್ಲಿಸಿಬಿಡುತ್ತಿದ್ದಳು. ಸ್ಟೆರಾಯ್ಡನ್ನು ಹಾಗೆ ಏಕಾಏಕಿ ನಿಲ್ಲಿಸುವುದು ಎಷ್ಟು ಅಪಾಯಕಾರಿಯೆಂದು ವೈದ್ಯರು ಮೊದಲೇ ಎಚ್ಚರಿಸಿದ್ದರು. ದೇಹವು ತಾನೇ ತಯಾರಿಸಿಕೊಳ್ಳಬೇಕಾದ ಹಾರ್ಮೋನನ್ನು ಆ ಮಾತ್ರೆಯ ಅವಧಿಯಲ್ಲಿ ತಯಾರಿಸುವುದನ್ನು ಬಿಟ್ಟಿರುತ್ತದೆ. ಅಲ್ಲದೆ ಪ್ರೋಟೀನ್ ಸೋರುತ್ತಿರುವ ಮಗುವಿಗೆ ಸೋಂಕು ಬೇಗ ತಗಲುತ್ತದೆ, ರಕ್ತ ಹೆಪ್ಪುಗಟ್ಟುವ ಭಯವೂ ಇರುತ್ತದೆ. ಆದ್ದರಿಂದ ಸುಮ್ಮನೆ ಕೂರದೆ, ಆ ವರದಿಯ ‘ನಾರ್ಮಲ್’ ಎಂಬುದರ ಅರ್ಥವೇನೆಂದು ಕೇಳಿ ತಿಳಿಯುವುದು ನನ್ನ ಕರ್ತವ್ಯವಾಯಿತು.

ಅರ್ಥ ಇಷ್ಟೇ: ಸಾಧಾರಣ ಬೆಳಕಿಗೆ ಕಾಣುವಷ್ಟರ ಮಟ್ಟಿಗೆ ನಾರ್ಮಲ್.

ಬೆಳಕಿಗೂ ಒಂದು ಮಿತಿಯಿದೆ. 1873ರಲ್ಲಿ ಜರ್ಮನಿಯ ಯೇನಾ ಪಟ್ಟಣದ ಅರ್ನ್‌ಸ್ಟ್ ಅಬ್ಬೆ ಎಂಬ ಭೌತಶಾಸ್ತ್ರಜ್ಞರು ಇದನ್ನು ಲೆಕ್ಕ ಹಾಕಿ ತೋರಿಸಿದರು. ಬೆಳಕು ಅಲೆಯಾಗಿರುವುದರಿಂದ, ಆ ಅಲೆಯ ಉದ್ದದ ಸುಮಾರು ಅರ್ಧಕ್ಕಿಂತ ಹತ್ತಿರವಿರುವ ಎರಡು ಬಿಂದುಗಳನ್ನು ಎಷ್ಟೇ ಒಳ್ಳೆಯ ಮಸೂರವಿದ್ದರೂ ಬೇರೆ ಬೇರೆಯಾಗಿ ತೋರಿಸಲಾಗದು. ಲೆಕ್ಕದಲ್ಲಿ ಹೇಳುವುದಾದರೆ ಈ ಮಿತಿ ಸುಮಾರು 200 ನ್ಯಾನೋಮೀಟರ್. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋಮೀಟರ್. ನಮ್ಮ ಕೆಂಪು ರಕ್ತಕಣದ ಅಗಲ ಸುಮಾರು 7,500 ನ್ಯಾನೋಮೀಟರ್. ಅದು ಸುಲಭವಾಗಿ ಕಾಣುತ್ತದೆ. ಕೊರೊನಾ ವೈರಾಣು ಸುಮಾರು 100. ಅದು ಸಾಧಾರಣ ಸೂಕ್ಷ್ಮದರ್ಶಕದ ಮಿತಿಯ ಕೆಳಗೇ ಉಳಿಯುತ್ತದೆ.

ಇದನ್ನು ನಾನು ಮನೆಯವರಿಗೆ ವಿವರಿಸಿದ್ದು ನುಖ್ತಾಗಳ ಮೂಲಕ. ಅರಬಿ ಪದದ ನಡುವೆ ಬಂದಾಗ ‘ನೂನ್’ ಮತ್ತು ‘ತಾ’ ಅಕ್ಷರಗಳ ಆಕಾರ ಒಂದೇ. ಮೇಲೆ ಒಂದು ಚುಕ್ಕೆಯಿದ್ದರೆ ನೂನ್, ಎರಡಿದ್ದರೆ ತಾ. ದಪ್ಪ ಮೊನೆಯ ಕಲಮಿನಿಂದ ಸಣ್ಣ ಅಕ್ಷರ ಬರೆದರೆ ಎರಡು ಚುಕ್ಕೆಗಳು ಒಂದಕ್ಕೊಂದು ಕೂಡಿಕೊಂಡು ಒಂದೇ ಬೊಟ್ಟಾಗುತ್ತವೆ. ಓದುವವನ ಕಣ್ಣು ಎಷ್ಟೇ ತೀಕ್ಷ್ಣವಾಗಿದ್ದರೂ, ಭೂತಗನ್ನಡಿ ಹಿಡಿದು ಎಷ್ಟೇ ದೊಡ್ಡದು ಮಾಡಿದರೂ ಬೊಟ್ಟು ಬೊಟ್ಟಾಗಿಯೇ ಉಳಿಯುತ್ತದೆ. ಇನ್ನು ಅದನ್ನು ತಾ ಎಂದು ಓದುವುದು ಹೇಗೆ? ಬೆಳಕಿನ ಕಲಮಿನ ಮೊನೆಯ ದಪ್ಪ 200 ನ್ಯಾನೋಮೀಟರ್ ಎಂದು ತಿಳಿದರಾಯಿತು.

ಮೂರನೆಯ ಸೀಸೆಯ ಪಯಣವನ್ನು ಕೇಳಿ. ತುಣುಕನ್ನು ಗ್ಲುಟರಾಲ್ಡಿಹೈಡ್ ಎಂಬ ದ್ರವದಲ್ಲಿ ಗಟ್ಟಿಗೊಳಿಸುತ್ತಾರೆ. ಆಸ್ಮಿಯಮ್ ಲೋಹದ ಆಕ್ಸೈಡನ್ನು ಉಣಿಸುತ್ತಾರೆ. ಅದರೊಳಗಿನ ನೀರನ್ನೆಲ್ಲ ತೆಗೆದು ಅಂಟಿನಂತಹ ರಾಳ ತುಂಬಿ, ಒಲೆಯಲ್ಲಿಟ್ಟು ಕಲ್ಲಿನಂತಾಗಿಸುತ್ತಾರೆ. ಅನಂತರ ವಜ್ರದ ಅಲಗಿನಿಂದ ಸುಮಾರು 70 ನ್ಯಾನೋಮೀಟರ್ ದಪ್ಪದ ಹೋಳುಗಳನ್ನು ಕೊಯ್ಯುತ್ತಾರೆ. ನೀರಿನ ಮೇಲೆ ತೇಲುವ ಆ ಹೋಳನ್ನು ಮೂರು ಮಿಲಿಮೀಟರ್ ಅಗಲದ ತಾಮ್ರದ ಜಾಲರಿಯಲ್ಲಿ ಎತ್ತಿಕೊಂಡು, ಯುರೇನಿಯಮ್ ಮತ್ತು ಸೀಸದ ಲವಣಗಳಿಂದ ಬಣ್ಣ ಹಾಕಿ, ಗಾಳಿಯಿಲ್ಲದ ಕೊಳವೆಯೊಳಗಿಟ್ಟು, ಅದರ ಮೂಲಕ ಎಲೆಕ್ಟ್ರಾನುಗಳನ್ನು ಹಾಯಿಸುತ್ತಾರೆ. ಎಲೆಕ್ಟ್ರಾನಿನ ಅಲೆ ಬೆಳಕಿನ ಅಲೆಗಿಂತ ಸಾವಿರಾರು ಪಟ್ಟು ಕಿರಿದು. ಕಲಮಿನ ಮೊನೆ ಸೂಜಿಯಾಯಿತು ಎನ್ನಿ. ಬರ್ಲಿನಿನಲ್ಲಿ ಅರ್ನ್‌ಸ್ಟ್ ರುಸ್ಕಾ ಮತ್ತು ಮ್ಯಾಕ್ಸ್ ನೋಲ್ ಎಂಬವರು ಇಂತಹ ಉಪಕರಣದ ಮೊದಲ ಮಾದರಿಯನ್ನು 1931ರಲ್ಲಿ ನಿರ್ಮಿಸಿದರು. ರುಸ್ಕಾ ಅವರಿಗೆ ನೊಬೆಲ್ ಬಂದದ್ದು 1986ರಲ್ಲಿ, ಅಂದರೆ 55 ವರ್ಷಗಳ ನಂತರ.

ವರದಿ ಬಂದ ದಿನ ವೈದ್ಯೆಯವರು ತಮ್ಮ ಕಂಪ್ಯೂಟರಿನಲ್ಲಿ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿದರು. ಇದಕ್ಕಾಗಿ ನಾನು ಅವರಿಗೆ ಎಂದೆಂದಿಗೂ ಋಣಿ. ಎಡಗಡೆಯದು ಆರೋಗ್ಯವಂತ ಮೂತ್ರಪಿಂಡದ್ದು, ಬಲಗಡೆಯದು ನಮ್ಮ ಮಗುವಿನದು. ನೋಡುವ ಮೊದಲು ಸೋಸುವ ವ್ಯವಸ್ಥೆಯನ್ನು ಅರಿತಿರಬೇಕೆಂದು ಅವರು ಕಾಗದದ ಮೇಲೆ ಬರೆದು ವಿವರಿಸಿದರು.

ಒಂದು ಮೂತ್ರಪಿಂಡದಲ್ಲಿ ಸುಮಾರು ಹತ್ತು ಲಕ್ಷ ಸೋಸುವ ಗೊಂಚಲುಗಳಿವೆ. ಎರಡೂ ಸೇರಿ ಬೆಳೆದ ಮನುಷ್ಯನಲ್ಲಿ ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸುತ್ತವೆ. ಅದರಲ್ಲಿ ಬಹುತೇಕ ಎಲ್ಲವೂ ಮರಳಿ ರಕ್ತಕ್ಕೆ ಸೇರಿ, ಮೂತ್ರವಾಗಿ ಹೊರಬರುವುದು ಒಂದೂವರೆ ಲೀಟರಿನಷ್ಟು ಮಾತ್ರ. ಸೋಸುವ ಪೊರೆಗೆ ಮೂರು ಪದರ. ರಕ್ತನಾಳದ ಒಳಭಾಗದಲ್ಲಿ ತೂತುಗಳಿರುವ ತೆಳು ಕೋಶಗಳು. ಅದರಾಚೆ ಬಲೆಯಂತಹ ಒಂದು ಹಾಸು. ಹೊರಗಡೆ ಪೋಡೋಸೈಟ್ ಎಂಬ ಕೋಶಗಳು. ಗ್ರೀಕಿನಲ್ಲಿ ‘ಪೋಡ್’ ಎಂದರೆ ಪಾದ, ಆದ್ದರಿಂದ ಪಾದಕೋಶ ಎನ್ನಬಹುದು. ಈ ಕೋಶ ಅಷ್ಟಪದಿಯಂತೆ ಕೈಗಳನ್ನು ಚಾಚಿ ರಕ್ತನಾಳವನ್ನು ತಬ್ಬಿಕೊಂಡಿರುತ್ತದೆ. ಪ್ರತಿ ಕೈಯಿಂದ ಅನೇಕ ಪುಟ್ಟ ಪಾದಗಳು ಹೊರಟು, ನೆರೆಯ ಕೋಶದ ಪಾದಗಳ ನಡುವೆ ನುಗ್ಗಿ ನಿಲ್ಲುತ್ತವೆ. ಎರಡು ಕೈಗಳ ಬೆರಳುಗಳನ್ನು ಒಂದರೊಳಗೊಂದು ಸೇರಿಸಿದಂತೆ. ಪಾದ ಪಾದಗಳ ನಡುವೆ ಉಳಿಯುವ ಸಂದು ಸುಮಾರು 40 ನ್ಯಾನೋಮೀಟರ್. ಆ ಸಂದಿಗೂ ನೆಫ್ರಿನ್ ಮೊದಲಾದ ಪ್ರೋಟೀನುಗಳಿಂದ ನೇಯ್ದ ಒಂದು ಪರದೆಯಿದೆ. ನೀರು, ಉಪ್ಪು, ಯೂರಿಯಾ ದಾಟಿ ಹೋಗುತ್ತವೆ. ಅಲ್ಬ್ಯುಮಿನ್ ಹಿಂದೆ ಉಳಿಯುತ್ತದೆ.

ಎಡಗಡೆಯ ಚಿತ್ರದಲ್ಲಿ ಈ ಪಾದಗಳು ಬಾಚಣಿಗೆಯ ಹಲ್ಲುಗಳಂತೆ ಸಾಲಾಗಿ, ಒಂದರ ಪಕ್ಕ ಒಂದು, ನಡುವೆ ಸಮವಾದ ಅಂತರ ಬಿಟ್ಟು ನಿಂತಿದ್ದವು. ಇಮಾಮರು ಸಫ್ ಸರಿಪಡಿಸಿದ ಮೇಲಿನ ನೋಟವೇ ನನ್ನ ಕಣ್ಣಿಗೆ ಬಂತು. ಬಲಗಡೆಯ ಚಿತ್ರದಲ್ಲಿ ಪಾದಗಳೇ ಇರಲಿಲ್ಲ. ಹಾಸಿನ ಮೇಲೆ ಉದ್ದಕ್ಕೂ ಒಂದೇ ಬೂದು ಪಟ್ಟಿ, ರೊಟ್ಟಿಯ ಮೇಲೆ ಬೆಣ್ಣೆ ಸವರಿದಂತೆ. ಪಾದಗಳೆಲ್ಲ ಚಪ್ಪಟೆಯಾಗಿ, ಅಗಲವಾಗಿ, ತಮ್ಮ ಸಂದುಗಳನ್ನು ಕಳೆದುಕೊಂಡಿದ್ದವು. ತಂಗಿ ಓದಿದ್ದು ಹತ್ತನೆಯ ತರಗತಿ. ಆಕೆ ಎರಡು ಚಿತ್ರಗಳನ್ನೂ ಬಹಳ ಹೊತ್ತು ನೋಡಿ, “ಇಲ್ಲಿ ಸಾಲು ಇದೆ, ಇಲ್ಲಿ ಇಲ್ಲ” ಎಂದಳು. ವೈದ್ಯೆಯವರು, “ಅಷ್ಟೇ ಅಮ್ಮ, ಇದಕ್ಕಿಂತ ಚೆನ್ನಾಗಿ ನಾನೂ ಹೇಳಲಾರೆ” ಎಂದರು.

ಈ ಕಾಯಿಲೆಯ ಹೆಸರು ‘ಮಿನಿಮಲ್ ಚೇಂಜ್ ಡಿಸೀಸ್’, ಅಂದರೆ ಅತ್ಯಲ್ಪ ಬದಲಾವಣೆಯ ಕಾಯಿಲೆ. ಹೆಸರಿಟ್ಟವರು ನೋಡಿದ್ದು ಸಾಧಾರಣ ಬೆಳಕಿನಲ್ಲಿ, ಆದ್ದರಿಂದ ಅವರಿಗೆ ಬದಲಾವಣೆ ಅತ್ಯಲ್ಪವೆಂದು ಕಂಡಿತು. 1957ರಲ್ಲಿ ಮೆರಿಲಿನ್ ಫಾರ್ಕರ್ ಎಂಬ ಅಮೆರಿಕದ ವಿಜ್ಞಾನಿ ತಮ್ಮ ಸಹೋದ್ಯೋಗಿಗಳಾದ ವರ್ನಿಯರ್ ಮತ್ತು ಗುಡ್ ಅವರೊಂದಿಗೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಇಂತಹ ರೋಗಿಗಳ ಮೂತ್ರಪಿಂಡವನ್ನು ಪರೀಕ್ಷಿಸಿ, ಪಾದಗಳು ಅಳಿಸಿಹೋಗಿರುವುದನ್ನು ಪ್ರಕಟಿಸಿದರು. ಹೆಸರು ಮಾತ್ರ ಸಾಧಾರಣ ಬೆಳಕಿನ ನೋಟಕ್ಕೆ ತಕ್ಕುದೇ ಆಗಿ ಉಳಿದಿದೆ. ವೈದ್ಯರಿಗೆ ತೊಂದರೆಯಿಲ್ಲ, ಅವರಿಗೆ ಒಳಗುಟ್ಟು ಗೊತ್ತು. ಆದರೆ ‘ಅತ್ಯಲ್ಪ’ ಎಂಬ ಪದವನ್ನು ಕೇಳಿದ ಮನೆಯವರು ಏನೆಂದುಕೊಳ್ಳಬೇಕು? ಭಾಷೆ ಕಲಿಸುವವನಾದ ನನಗೆ ಈ ಹೆಸರಿನ ಮೇಲೆ ಇಂದಿಗೂ ಮುನಿಸಿದೆ.

ಪಾದಗಳು ಚಪ್ಪಟೆಯಾಗುವುದು ಈ ಒಂದು ಕಾಯಿಲೆಯಲ್ಲಿ ಮಾತ್ರವಲ್ಲ; ಪ್ರೋಟೀನ್ ಸೋರುವ ಬೇರೆ ಕಾಯಿಲೆಗಳಲ್ಲೂ ಉಂಟು. ಮೂರೂ ಸೀಸೆಗಳ ವರದಿಗಳನ್ನು ಒಟ್ಟಿಗಿಟ್ಟು ಓದಿದಾಗಲೇ ನಿರ್ಣಯ. ನಮ್ಮ ಮಗುವಿನ ವಿಷಯದಲ್ಲಿ ಗಾಯದ ಗುರುತಿಲ್ಲದೆ ಪಾದಗಳು ಮಾತ್ರ ಅಳಿಸಿದ್ದವು. ಆ ಪಾದಗಳು ಮತ್ತೆ ಎದ್ದು ನಿಲ್ಲಬಲ್ಲವು, ಪ್ರೋಟೀನ್ ಸೋರುವುದು ನಿಂತಾಗ ಸಾಲು ಮರಳಿ ಮೂಡುತ್ತದೆ ಎಂದು ವೈದ್ಯೆ ಹೇಳಿದರು. ಸ್ಟೆರಾಯ್ಡನ್ನು ನಿಧಾನವಾಗಿ ಇಳಿಸುತ್ತಾ ಟ್ಯಾಕ್ರೋಲಿಮಸ್ ಎಂಬ ಇನ್ನೊಂದು ಔಷಧಿ ಶುರುವಾಯಿತು. ಆ ರಾತ್ರಿ ದಮಾಮಿಗೆ ನಾನು ಎರಡು ಚಿತ್ರಗಳನ್ನು ಕಳುಹಿಸಿದೆ. ತಂಗಿಯ ಗಂಡನಿಂದ ಬಹಳ ಹೊತ್ತು ಉತ್ತರವಿರಲಿಲ್ಲ. ಕೊನೆಗೆ ಬಂದದ್ದು ಒಂದೇ ಸಾಲು: “ಮಾತ್ರೆ ತಪ್ಪಿಸಬೇಡಿ ಭಾವ.” ಕಷಾಯದ ಮಾತು ಅಲ್ಲಿಗೆ ನಿಂತಿತು.

ಅಂದಿನಿಂದ ಈ ವಿಷಯದ ಮೇಲೆ ಸಿಕ್ಕಿದ್ದನ್ನೆಲ್ಲ ಓದುವ ಹುಚ್ಚು ನನಗೆ ಹಿಡಿಯಿತು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಒಂದು ಕೊರತೆಯಿದೆ. ಅಷ್ಟೆಲ್ಲ ರಾಳ, ಲೋಹ, ವಜ್ರದ ಅಲಗಿನ ನಂತರ ಉಳಿಯುವುದು ಕೋಶದ ಶವ. ಜೀವಂತ ಕೋಶ ಏನು ಮಾಡುತ್ತಿದೆಯೆಂದು ನೋಡಬೇಕಾದರೆ ಬೆಳಕೇ ಬೇಕು. ಬೆಳಕಿಗೋ ಅಬ್ಬೆಯವರ ಮಿತಿ. ಯೇನಾದಲ್ಲಿ ಅವರ ಸ್ಮಾರಕದ ಕಲ್ಲಿನ ಮೇಲೆ ಆ ಸೂತ್ರವನ್ನು ಕೆತ್ತಿಯೇ ಇಟ್ಟಿದ್ದಾರೆ. ಕಲ್ಲಿನಲ್ಲಿ ಕೆತ್ತಿದ ಆ ಮಿತಿಯನ್ನು ಮೀರಿದ ಕಥೆ ಅಚ್ಚರಿಯದು.

ಸ್ಟೆಫಾನ್ ಹೆಲ್ ಎಂಬವರು ರೊಮೇನಿಯಾದಲ್ಲಿ ಹುಟ್ಟಿ, ಹದಿಹರೆಯದಲ್ಲಿ ಹೆತ್ತವರೊಂದಿಗೆ ಜರ್ಮನಿಗೆ ವಲಸೆ ಬಂದವರು. ಈ ಮಿತಿಯನ್ನು ಮೀರುವ ಅವರ ಮಾತನ್ನು ನಂಬಿ ಕೆಲಸ ಕೊಡುವವರು ಹೆಚ್ಚಿರಲಿಲ್ಲವಾದ್ದರಿಂದ ಫಿನ್‌ಲೆಂಡಿನ ತುರ್ಕು ಪಟ್ಟಣದ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿ 1993ರಲ್ಲಿ ಒಂದು ಪುಸ್ತಕ ಓದುತ್ತಿರುವಾಗ ಅವರಿಗೆ ಉಪಾಯ ಹೊಳೆಯಿತು. ಹೊಳೆಯುವ ಅಣುಗಳನ್ನು ಒಂದು ಲೇಸರಿನಿಂದ ಬೆಳಗಿಸಬಹುದಾದರೆ, ಇನ್ನೊಂದು ಲೇಸರಿನಿಂದ ಅವನ್ನು ಆರಿಸಲೂಬಹುದು. ಎರಡನೆಯ ಬೆಳಕನ್ನು ಉದ್ದಿನ ವಡೆಯ ಆಕಾರದಲ್ಲಿ, ನಡುವೆ ತೂತು ಬಿಟ್ಟು ಹಾಯಿಸಿದರೆ, ಅಂಚಿನಲ್ಲಿ ಹೊಳೆಯುತ್ತಿದ್ದುದೆಲ್ಲ ಆರಿ ನಟ್ಟನಡುವಿನದು ಮಾತ್ರ ಉಳಿಯುತ್ತದೆ. ದಪ್ಪ ಕಲಮಿನಿಂದ ಬಿದ್ದ ಬೊಟ್ಟಿನ ಅಂಚನ್ನು ಸುತ್ತಲೂ ಒರೆಸಿ ಸಣ್ಣ ಚುಕ್ಕೆ ಮಾಡಿದಂತೆ. ‘ಸ್ಟೆಡ್’ ಎಂಬ ಈ ವಿಧಾನದ ಸಿದ್ಧಾಂತವನ್ನು 1994ರಲ್ಲಿ ಪ್ರಕಟಿಸಿದರು, 2000ದಲ್ಲಿ ಪ್ರಯೋಗದಿಂದ ಸಾಧಿಸಿ ತೋರಿಸಿದರು.

ಎರಿಕ್ ಬೆಟ್ಜಿಗ್ ಅವರದು ಇನ್ನೊಂದು ದಾರಿ. ಅವರು ಅಮೆರಿಕದ ಬೆಲ್ ಪ್ರಯೋಗಾಲಯದ ಕೆಲಸ ಬಿಟ್ಟು, ತಂದೆಯ ಯಂತ್ರೋಪಕರಣಗಳ ಕಾರ್ಖಾನೆಗೆ ಸೇರಿ, ವರ್ಷಗಳ ಕಾಲ ವಿಜ್ಞಾನದಿಂದಲೇ ದೂರವಿದ್ದರು. ಮರಳಿ ಬಂದಾಗ ಪ್ರಯೋಗಾಲಯವಿರಲಿಲ್ಲ. ಗೆಳೆಯ ಹೆರಾಲ್ಡ್ ಹೆಸ್ ಅವರ ಮನೆಯ ಜಗಲಿಯಂತಹ ಕೂಡುಕೋಣೆಯಲ್ಲಿ ಇಬ್ಬರೂ ಸೇರಿ 2005ರಲ್ಲಿ ಸೂಕ್ಷ್ಮದರ್ಶಕವನ್ನು ಜೋಡಿಸಿದರು. ಅವರ ಉಪಾಯ ಹೀಗೆ: ಹತ್ತಿರ ಹತ್ತಿರವಿರುವ ಚುಕ್ಕೆಗಳೆಲ್ಲ ಒಟ್ಟಿಗೆ ಹೊಳೆದರೆ ತಾನೇ ಒಂದಾಗಿ ಕಾಣುವುದು? ಕೆಲವನ್ನು ಮಾತ್ರ ಬೆಳಗಿಸಿ, ಪ್ರತಿಯೊಂದರ ನಡುಬಿಂದುವನ್ನು ಗುರುತು ಮಾಡಿಕೊಂಡು, ಆರಿಸಿ, ಇನ್ನು ಕೆಲವನ್ನು ಬೆಳಗಿಸುತ್ತಾ ಹೋಗುವುದು. ಸಾವಿರಾರು ಬಾರಿ ಹೀಗೆ ಮಾಡಿ ಗುರುತುಗಳನ್ನೆಲ್ಲ ಒಂದೇ ಹಾಳೆಯಲ್ಲಿ ಸೇರಿಸಿದರೆ ನುಖ್ತಾಗಳೆಲ್ಲ ಬಿಡಿಬಿಡಿಯಾಗಿ ಸಿಗುತ್ತವೆ. 2014ರ ರಸಾಯನಶಾಸ್ತ್ರದ ನೊಬೆಲ್ ಇವರಿಬ್ಬರಿಗೂ, ಒಂಟಿ ಅಣುವನ್ನು ಮೊದಲು ಗುರುತಿಸಿದ ವಿಲಿಯಮ್ ಮೋರ್ನರ್ ಅವರಿಗೂ ಹಂಚಿಕೆಯಾಯಿತು.

ಇನ್ನೊಂದು ವಿಧಾನವನ್ನು ಕೇಳಿ ತಂಗಿ ನಕ್ಕಳು. ಅಮೆರಿಕದ ಎಂಐಟಿಯ ಎಡ್ ಬಾಯ್ಡನ್ ಮತ್ತು ಅವರ ವಿದ್ಯಾರ್ಥಿಗಳು 2015ರಲ್ಲಿ, ಸೂಕ್ಷ್ಮದರ್ಶಕವನ್ನು ಉತ್ತಮಪಡಿಸುವ ಬದಲು ಕೋಶವನ್ನೇ ಹಿಗ್ಗಿಸಿಬಿಟ್ಟರು. ಹಸುಗೂಸುಗಳ ಡೈಪರಿನಲ್ಲಿ ನೀರು ಹೀರಿ ಉಬ್ಬುವ ವಸ್ತುವಿದೆಯಲ್ಲ, ಅದೇ ಬಗೆಯ ವಸ್ತುವನ್ನು ಕೋಶದ ತುಂಬ ಹಬ್ಬಿಸಿ ನೀರೆರೆದರೆ, ಒಳಗಿನ ಭಾಗಗಳು ತಮ್ಮ ತಮ್ಮ ಸ್ಥಾನ ಕಾಯ್ದುಕೊಂಡೇ ನಾಲ್ಕೂವರೆ ಪಟ್ಟು ದೂರ ಸರಿಯುತ್ತವೆ. ಆಗ ಸಾಧಾರಣ ಸೂಕ್ಷ್ಮದರ್ಶಕವೇ ಸಾಕು.

ನನಗೆ ಬೇಕಾಗಿದ್ದುದು ಪಾದಕೋಶದ ಸುದ್ದಿ. 2016ರಲ್ಲಿ ಸ್ಟಾಕ್‌ಹೋಮಿನ ಸಂಶೋಧಕರು ಮೂತ್ರಪಿಂಡದ ಅಂಗಾಂಶವನ್ನು ಪಾರದರ್ಶಕವಾಗಿಸಿ, ಸ್ಟೆಡ್ ಮೂಲಕ ಆ 40 ನ್ಯಾನೋಮೀಟರ್ ಸಂದಿನ ಪರದೆಯ ಸಾಲುಗಳನ್ನು ಬೆಳಕಿನಲ್ಲೇ ಕಂಡರು. ರಾಳವಿಲ್ಲ, ವಜ್ರದ ಅಲಗಿಲ್ಲ. 1873ರಲ್ಲಿ ಬೆಳಕಿಗೆ ನಿಷಿದ್ಧವೆಂದು ಲೆಕ್ಕ ಹಾಕಿದ ಜಾಗದೊಳಗೆ ಬೆಳಕೇ ಪ್ರವೇಶಿಸಿತು. ನಮ್ಮ ವಿದ್ಯಾರ್ಥಿಗಳಿಗೆ ಇವೆಲ್ಲ ಹೊರದೇಶದ ಕಥೆಗಳೆಂದು ತೋರಬಾರದು. ಬೆಂಗಳೂರಿನ ಎನ್‌ಸಿಬಿಎಸ್ ಆವರಣದಲ್ಲಿಯೂ, ಕೋಶದ ಅಣುಗಳನ್ನು ಹೆಪ್ಪುಗಟ್ಟಿಸಿ ಎಲೆಕ್ಟ್ರಾನುಗಳಿಂದ ನೋಡುವ ಕ್ರಯೋ ಸೂಕ್ಷ್ಮದರ್ಶಕದ ಕೇಂದ್ರವಿದೆ.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಇಂತಹ ವಿಷಯಗಳನ್ನು ನಮ್ಮ ವಲಯದಲ್ಲಿ ಹೇಳಿದೊಡನೆ, “ಇದನ್ನೆಲ್ಲ ನಮ್ಮವರು ಮೊದಲೇ ಹೇಳಿದ್ದರು” ಎಂಬ ಉತ್ತರ ಸಿದ್ಧವಾಗಿರುತ್ತದೆ. ಬಸರಾದಲ್ಲಿ ಹುಟ್ಟಿ ಕೈರೋದಲ್ಲಿ ಬಾಳಿದ ಇಬ್ನುಲ್ ಹೈಸಮ್ ಅವರು ಸಾವಿರ ವರ್ಷಗಳ ಹಿಂದೆ ‘ಕಿತಾಬುಲ್ ಮನಾಝಿರ್’ ಬರೆದದ್ದು ನಿಜ. ಕಣ್ಣಿನಿಂದ ಕಿರಣ ಹೊರಟು ವಸ್ತುವನ್ನು ಮುಟ್ಟುತ್ತದೆಂಬ ಹಳೆಯ ನಂಬಿಕೆಯನ್ನು ನಿರಾಕರಿಸಿ, ವಸ್ತುವಿನಿಂದ ಬೆಳಕು ಕಣ್ಣಿಗೆ ಬರುವುದರಿಂದಲೇ ನೋಟ ಸಾಧ್ಯವೆಂದು ಪ್ರಯೋಗಗಳೊಂದಿಗೆ ವಾದಿಸಿದ ಮಹನೀಯರು ಅವರು. ಆದರೆ ಅವರು ಜೀವಕೋಶವನ್ನು ಕಾಣಲಿಲ್ಲ, ಕಂಡೆನೆಂದು ಹೇಳಲೂ ಇಲ್ಲ. ಪೂರ್ವಿಕರ ಗ್ರಂಥಗಳನ್ನು ಸಂಶಯದಿಂದ ಪರೀಕ್ಷಿಸಿ ನೋಡಿದವರು ಅವರು. ಅವರ ಹೆಸರು ಹೇಳಿಕೊಂಡು ಪರೀಕ್ಷೆಯ ಕಷ್ಟದಿಂದ ತಪ್ಪಿಸಿಕೊಳ್ಳುವುದು ಅವರಿಗೆ ಸಲ್ಲಿಸುವ ಗೌರವವೇ? ಪಾದಕೋಶದ ಸಾಲನ್ನು ಕಂಡಾಗ ನನ್ನ ಬಾಯಿಂದ ‘ಸುಬ್‌ಹಾನಲ್ಲಾಹ್’ ಎಂದು ಹೊರಟಿತು. ಆದರೆ ಆ ಉದ್ಗಾರ ವೈದ್ಯೆಯ ಕೆಲಸಕ್ಕೂ ಫಾರ್ಕರ್ ಅವರ ಕೆಲಸಕ್ಕೂ ಬದಲಿಯಲ್ಲ.

ಪಾದಗಳು ಏಕೆ ಅಳಿಸುತ್ತವೆ? ಬಹುಕಾಲ ಇದಕ್ಕೆ ಸ್ಪಷ್ಟ ಉತ್ತರವಿರಲಿಲ್ಲ. 2022ರಲ್ಲಿ ಬಾಸ್ಟನ್ನಿನ ಸಂಶೋಧಕರೂ 2024ರಲ್ಲಿ ಜರ್ಮನಿಯ ಹ್ಯಾಂಬರ್ಗಿನ ಸಂಶೋಧಕರ ನೇತೃತ್ವದ ತಂಡವೂ ಈ ಕಾಯಿಲೆಯ ಅನೇಕ ರೋಗಿಗಳ ರಕ್ತದಲ್ಲಿ ನೆಫ್ರಿನ್‌ನ ವಿರುದ್ಧವೇ ಹುಟ್ಟಿಕೊಂಡ ಪ್ರತಿಕಾಯಗಳನ್ನು ಕಂಡರು. ಸಂದಿನ ಪರದೆಯನ್ನೇ ದೇಹದ ಕಾವಲುಪಡೆ ಶತ್ರುವೆಂದು ತಿಳಿದು ಅದರ ಮೇಲೆ ಬೀಳುತ್ತದೆ. ಕಾಯಿಲೆ ಜೋರಾಗಿರುವಾಗ ಈ ಪ್ರತಿಕಾಯಗಳು ಹೆಚ್ಚು, ಗುಣವಾದಾಗ ಇಳಿಯುತ್ತವೆ. ಎಲ್ಲ ರೋಗಿಗಳಲ್ಲಿಯೂ ಅವು ಸಿಕ್ಕಿಲ್ಲ. ಆದ್ದರಿಂದ ಇದೇ ಪೂರ್ಣ ಉತ್ತರವೆನ್ನುವಂತಿಲ್ಲ. ಮುಂದಿನ ಭೇಟಿಯಲ್ಲಿ ಈ ಪರೀಕ್ಷೆಯನ್ನು ಇವನಿಗೂ ಮಾಡಬಹುದೇ ಎಂದು ವೈದ್ಯೆಯವರನ್ನು ಕೇಳಿದೆ. ಇದು ಸಂಶೋಧನೆಯ ಹಂತದಿಂದ ಈಗಷ್ಟೇ ಹೊರಬರುತ್ತಿದೆ, ಇವನ ಔಷಧಿ ಫಲ ಕೊಡುತ್ತಿರುವಾಗ ಸದ್ಯಕ್ಕೆ ಅಗತ್ಯವಿಲ್ಲ ಎಂದರು.

ಅವನಿಗೀಗ ಒಂಬತ್ತು ವರ್ಷ. ಮುಖ ತನ್ನ ಮೊದಲಿನ ಆಕಾರಕ್ಕೆ ಬಂದಿದೆ. ಮದ್ರಸದಲ್ಲಿ ನನ್ನ ಎದುರೇ ಕುಳಿತು ಪಾಠ ಒಪ್ಪಿಸುತ್ತಾನೆ, ನೂನ್ ಮತ್ತು ತಾ ನಡುವೆ ಆಗಾಗ ತಡವರಿಸುತ್ತಾನೆ. ಅವನ ಪಾದಗಳ ಸಾಲು ಮರಳಿ ನಿಂತಿದೆಯೇ ಎಂದು ಯಾರೂ ಕಣ್ಣಾರೆ ಕಂಡಿಲ್ಲ. ಗುಣವಾಗುತ್ತಿರುವ ಮಗುವಿನ ಬೆನ್ನಿಗೆ ಮತ್ತೊಮ್ಮೆ ಸೂಜಿ ಇಳಿಸುವ ಕಾರಣವಿಲ್ಲ. ನಮಗಿರುವ ಸಾಕ್ಷಿ ಒಂದೇ: ಬೆಳಗಿನ ಮೂತ್ರದಲ್ಲಿ ತಂಗಿ ಅದ್ದಿ ನೋಡುವ ಕಾಗದದ ಪಟ್ಟಿ. ಪ್ರೋಟೀನ್ ಇದ್ದರೆ ಅದು ಹಸಿರಾಗುತ್ತದೆ, ಇಲ್ಲದಿದ್ದರೆ ಹಳದಿಯಾಗಿಯೇ ಇರುತ್ತದೆ. ಸುಬ್‌ಹ್ ಮುಗಿಸಿ ಆಕೆ ಅದನ್ನು ಡಬ್ಬಿಯ ಮೇಲಿನ ಬಣ್ಣಗಳೊಂದಿಗೆ ಹೋಲಿಸಿ, ತಾರೀಖು ಹಾಕಿ ನೋಟುಪುಸ್ತಕದಲ್ಲಿ ಬರೆಯುತ್ತಾಳೆ. ಮೊದಲ ಪುಸ್ತಕದ ತುಂಬ ಮೂರು ಪ್ಲಸ್, ಎರಡು ಪ್ಲಸ್ ಎಂಬ ಗುರುತುಗಳು. ಈಗಿನದು ನಾಲ್ಕನೆಯ ಪುಸ್ತಕ. ಕಳೆದ ವಾರ ನಾನು ತಿರುವಿ ನೋಡಿದಾಗ ಅದರಲ್ಲಿ ಪುಟದ ಮೇಲೆ ಪುಟ ‘ನಿಲ್’ ಎಂದಿತ್ತು. ನಡುವೆ ಜ್ವರ ಬಂದಿದ್ದ ಎರಡು ದಿನ ಮಾತ್ರ ‘ಸ್ವಲ್ಪ ಹಸಿರು’ ಎಂದು ಬರೆದು, ಅದರ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದಿದ್ದಳು.